ಬ್ರೇಕ್ ಮೇಷ್ಟ್ರು ಗಾಡಿ ಹತ್ತಿದ್ದು

“ತಡೀರಿ, ಅಪ್ಪನ್ನ ಗಾಡೀಲಿ ಮಲಗಿಸ್ಬೇಡಿ!”

ಮಗಳು ಶವದ ವ್ಯಾನಿನ ಹಿಂಬಾಗಿಲಿಗೆ ಅಡ್ಡ ನಿಂತಳು. ಹೆಣ ಹೊತ್ತಿದ್ದ ನಾಲ್ವರೂ ನಿಂತಲ್ಲೇ ನಿಂತರು. ಮುಂದಿದ್ದ ಚಿಕ್ಕಪ್ಪ ಹೆಗಲ ಮೇಲಿನ ಚಟ್ಟವನ್ನು ಸರಿಮಾಡಿಕೊಂಡರು.

“ಈ ಹೊತ್ತಲ್ಲಿ ಏನಮ್ಮಾ ಇದು?”

“ಜೈಲಿಂದ ಬಂದ್ಮೇಲೆ ಒಂದಿನ ಗಾಡಿ ಹತ್ತಿದ್ರಾ ಅಪ್ಪ? ಎದೆನೋವು ಅಂತ ಆಸ್ಪತ್ರೆಗೂ ನಡ್ಕೊಂಡೇ ಹೋದ್ರು. ಹೊತ್ಕೊಂಡೇ ಹೋಗೋಣ.”

“ಸ್ಮಶಾನ ಊರಾಚೆ. ಹೊರೋಕೆ ಜನ ಎಲ್ಲಿದ್ದಾರೆ, ನೀನೇ ನೋಡು.”

ಅವಳು ನೋಡಿದಳು. ಅರ್ಧ ಊರಿಗೆ ಕಾರು ಕಲಿಸಿದ ಮನುಷ್ಯ. ಕಲಿಯುವವರ ಪಕ್ಕ ಕೂತು “ಬ್ರೇಕ್! ಬ್ರೇಕ್!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದುದರಿಂದ ಬ್ರೇಕ್ ಮೇಷ್ಟ್ರು ಎಂದೇ ಹೆಸರಾಗಿತ್ತು. ಇವತ್ತು ಹೊತ್ತವರನ್ನು ಬಿಟ್ಟರೆ ಪಕ್ಕದ ಮನೆಯ ಅಜ್ಜಿ, ವ್ಯಾನಿನ ಡ್ರೈವರ್, ಅಷ್ಟೇ.

“ನಂಗೂ ಅವರೇ ಕಲಿಸಿದ್ದು ಅಕ್ಕಾ,” ಎಂದ ಡ್ರೈವರ್. “ಮೆಲ್ಲಗೆ ಕರ್ಕೊಂಡ್ಹೋಗ್ತೀನಿ.”

ಅವಳು ಪಕ್ಕಕ್ಕೆ ಸರಿದಳು.

*

ಮೇಷ್ಟ್ರ ಕಣ್ಣು ಮಂಜಾಗುತ್ತ ಬಂದಿತ್ತು. ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದಲಾಗದೆ ಲೈಸೆನ್ಸ್ ನವೀಕರಣವಾಗಲಿಲ್ಲ. ಅದನ್ನು ಮನೆಯಲ್ಲೂ ಬಾಯಿಬಿಡಲಿಲ್ಲ. ಮೊದಲಿನಂತೆಯೇ ಕಲಿಸುತ್ತಿದ್ದರು, ಸಂಜೆ ಕಾರನ್ನು ತಾವೇ ಮನೆಗೆ ತರುತ್ತಿದ್ದರು. ಹಾಗೆ ತರುವಾಗ ಒಂದು ಸಂಜೆ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಬಡಗಿಯೊಬ್ಬ ಚಕ್ರದಡಿ ಸಿಕ್ಕಿ ಸತ್ತ.

“ಅವನೇ ಅಡ್ಡ ಬಂದ ಅನ್ನಿ. ಲೈಸೆನ್ಸ್ ಮುಗಿದಿದ್ದು ಮರ್ತೇಹೋಗಿತ್ತು ಅನ್ನಿ,” ಎಂದು ವಕೀಲರು ಕೋರ್ಟಿನ ಮೆಟ್ಟಿಲಲ್ಲಿ ಹೇಳಿಕೊಟ್ಟರು.

ಒಳಗೆ ನ್ಯಾಯಾಧೀಶರು ಕೇಳಿದರು: “ಕಣ್ಣು ಸರಿಯಾಗಿ ಕಾಣಲ್ಲ ಅಂತ ನಿಮಗೆ ಗೊತ್ತಿತ್ತಾ?”

ಮೇಷ್ಟ್ರು ಕಟಕಟೆಯ ಕಂಬಿ ಹಿಡಿದುಕೊಂಡರು. “ಗೊತ್ತಿತ್ತು ಸ್ವಾಮಿ. ಅವನನ್ನ ನಾನು ನೋಡ್ಲೇ ಇಲ್ಲ. ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ನೋಡ್ತಿದ್ರು.”

ವಕೀಲರು ಹಣೆ ಚಚ್ಚಿಕೊಂಡರು. ಜೈಲಾಯಿತು. ಡ್ರೈವಿಂಗ್ ಶಾಲೆಗೆ ಬೀಗ ಬಿತ್ತು. ಮಗಳಿಗೆ ನಿಶ್ಚಯವಾಗಿದ್ದ ಮದುವೆ ಮುರಿಯಿತು. ಗಂಡಿನ ಕಡೆಯವರು ಕಾರಣವನ್ನೂ ಹೇಳಲಿಲ್ಲ.

ಹೊರಬಂದ ಮೇಲೆ ಮೇಷ್ಟ್ರು ಆಗಾಗ ಬಡಗಿಯ ಮನೆಗೆ ನಡೆದು ಹೋಗಿ ಗೇಟಿನಾಚೆ ನಿಲ್ಲುತ್ತಿದ್ದರು. ಅವನ ಹೆಂಡತಿ ಬಾಗಿಲು ತೆರೆಯುತ್ತಿರಲಿಲ್ಲ. ಒಮ್ಮೆ ಮಾತ್ರ ಒಳಗಿನಿಂದಲೇ ಅಂದಳು: “ಕೋರ್ಟಲ್ಲಿ ನಿಜ ಹೇಳಿದ್ರಂತೆ. ಕಾರು ಹತ್ತೋ ಮುಂಚೆ ಹೇಳ್ಬಾರ್ದಿತ್ತಾ?”

ಅವತ್ತು ಮನೆಗೆ ಬಂದು, ಬಡಿಸಿದ್ದ ತಟ್ಟೆಯ ಮುಂದೆ ಕೂತೇ ಇದ್ದರು. “ಸರಿಯಾಗೇ ಕೇಳಿದ್ಲು,” ಎಂದರು ಮಗಳಿಗೆ.

*

ಸ್ಮಶಾನದ ದಾರಿ ಬಡಗಿಯ ಮನೆಯ ಮುಂದೆಯೇ ಹಾಯುತ್ತಿತ್ತು. ಬೆಳಿಗ್ಗೆ ಮಗಳೇ ಹೋಗಿ ಸಾವಿನ ಸುದ್ದಿ ಹೇಳಿ ಬಂದಿದ್ದಳು. ಕಿಟಕಿಯಾಚೆಯಿಂದ ಕೇಳಿಸಿಕೊಂಡ ಆಕೆ ಕಿಟಕಿ ಮುಚ್ಚಿಕೊಂಡಿದ್ದಳು.

“ನಿಲ್ಲಿಸ್ಲಾ ಅಕ್ಕಾ?” ಎಂದ ಡ್ರೈವರ್.

“ಸ್ವಲ್ಪ ನಿಧಾನ ಮಾಡು, ಸಾಕು.”

ಬಡಗಿಯ ಹೆಂಡತಿ ಹೊಸ್ತಿಲ ಮುಂದಿನ ಮೆಟ್ಟಿಲು ತೊಳೆಯುತ್ತಿದ್ದಳು. ವ್ಯಾನಿನ ಸದ್ದಿಗೆ ಪೊರಕೆ ಒಂದು ಗಳಿಗೆ ನಿಂತಿತು. ತಲೆ ಮಾತ್ರ ಮೇಲೇಳಲಿಲ್ಲ. ಬಕೆಟಿನಲ್ಲಿ ಉಳಿದಿದ್ದ ನೀರನ್ನು ಆಕೆ ರಸ್ತೆಗೆ ಚೆಲ್ಲಿದಳು.

ವ್ಯಾನು ಅದರ ಮೇಲೆಯೇ ಹಾದುಹೋಯಿತು. ಮಗಳು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದಳು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಚಕ್ರದ ಎರಡು ಒದ್ದೆ ಗೆರೆಗಳು ಅವರ ಹಿಂದೆ ಸ್ವಲ್ಪ ದೂರ ಬಂದವು. ತಿರುವು ಬರುವಷ್ಟರಲ್ಲಿ ಆರಿಹೋಗಿದ್ದವು.