ಸುಳ್ಳು ಹಿಡಿಕೆ

ದರ್ಜಿ ಹೆಂಡತಿಯ ಶವಪೆಟ್ಟಿಗೆಯ ಪಕ್ಕ ಮಂಡಿಯೂರಿ ಕೂತು, ಹೊಲಿಗೆ ಬಿಚ್ಚುವ ಚಾಕುವಿನಿಂದ ಅದರ ಹಿಡಿಕೆಯನ್ನು ಕೆರೆಯುತ್ತಿದ್ದ. ಬೆಳ್ಳಿಯ ಹಾಗೆ ಮಿರಮಿರ ಮಿನುಗುವ ಹಿಡಿಕೆ. ನಾಲ್ಕು ಗೀರು ಬಿದ್ದದ್ದೇ ಹೊಳಪು ಸಿಪ್ಪೆಯಾಗಿ ಎದ್ದು, ಒಳಗಿನ ಬಿಳಿ ಪ್ಲಾಸ್ಟಿಕ್ ಹಲ್ಲು ಕಿರಿಯಿತು.

ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ಪಾಪ, ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದು ಯಾರೋ ಪಿಸುಗುಟ್ಟಿದರು. ಪೆಟ್ಟಿಗೆ ಆರಿಸಿ ತಂದಿದ್ದು ಭಾವ, ಹೆಂಡತಿಯ ಅಣ್ಣ. ಅವನ ಮುಖ ಕಪ್ಪಿಟ್ಟಿತು.

"ಏನಪ್ಪಾ ಇದು? ಜನ ನೋಡ್ತಿದಾರೆ."

"ನೋಡ್ಲಿ. ಇದು ಲೋಹ ಅಲ್ಲ."

"ಲೋಹ ಆದ್ರೇನು, ಪ್ಲಾಸ್ಟಿಕ್ ಆದ್ರೇನು? ಹೋಗೋದು ಮಣ್ಣಿಗೇ."

"ಮಣ್ಣಿಗೆ ಹೋಗೋಕೆ ಮುಂಚೆ ಮೂರು ಮಹಡಿ ಇಳೀಬೇಕಲ್ಲ."

ಪೆಟ್ಟಿಗೆಯ ಅಂಗಡಿಯವನನ್ನು ಕರೆದು ವಿಚಾರಿಸಿದ್ದಾಯಿತು. ಹಿಡಿಕೆ ಅಂದಕ್ಕೆ ಮಾತ್ರ, ಹೊರುವವರು ತಳಕ್ಕೆ ಕೈ ಕೊಡಬೇಕು, ಇದುವರೆಗೆ ಯಾರೂ ಕೆರೆದು ನೋಡಿಲ್ಲ ಎಂದು ಅವನು ಗೊಣಗಿದ. ಆದರೆ ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸುವುದಿಲ್ಲ. ಮೆಟ್ಟಿಲು ಕಡಿದಾಗಿದೆ, ತಿರುವು ಇಕ್ಕಟ್ಟು. ಅಲ್ಲಿ ತಡಬಡಿಸಿದವನ ಕೈ ತಾನಾಗಿ ಹಿಡಿಕೆಗೇ ಹೋಗುತ್ತದೆ. ಅದು ಮುರಿದರೆ ಅವಳು ಮೆಟ್ಟಿಲ ಮೇಲೆ ಉರುಳುತ್ತಾಳೆ. ಇಂಥ ಸುಳ್ಳು ಹಿಡಿಕೆಗಳ ಜೊತೆ ಜೀವಮಾನವಿಡೀ ಗುದ್ದಾಡಿದವಳು ಕೊನೆಗೆ ಅದರಿಂದಲೇ ಬೀಳುವುದೆಂದರೆ ಅವನಿಗೆ ಮೈಯೆಲ್ಲ ಉರಿದುಹೋಯಿತು.

ಆರೂ ಹಿಡಿಕೆಗಳನ್ನು ಬಿಚ್ಚಿ ಅಂಗಡಿಯವನ ಕೈಗಿತ್ತ. ಎಲ್ಲರಿಗೂ ಸ್ವಲ್ಪ ಕಾಯಲು ಹೇಳಿ ಒಳಕೋಣೆಗೆ ಹೋದ. ಸಾವಿನ ಮನೆಯಲ್ಲಿ ಹೊಲಿಗೆ ಯಂತ್ರ ಟಕಟಕ ಎನ್ನತೊಡಗಿತು.

*

ಹೆಂಡತಿಗೆ ಏನು ಕೆಲಸ ಎಂದು ಕೇಳಿದವರಿಗೆ ಅವನ ಬಳಿ ಸಿದ್ಧ ಉತ್ತರವಿತ್ತು: ನಾನು ಮನುಷ್ಯರಿಗೆ ಬಟ್ಟೆ ಆರಿಸ್ತೀನಿ, ಅವಳು ಯಂತ್ರಕ್ಕೆ ಆರಿಸ್ತಾಳೆ. ಆಸ್ಪತ್ರೆಯ ಮಂಚ ಮಾಡುವ ಕಾರ್ಖಾನೆಯಲ್ಲಿ ಯಾವ ಭಾಗಕ್ಕೆ ಯಾವ ಲೋಹ, ಯಾವ ಪ್ಲಾಸ್ಟಿಕ್ ಎಂದು ತೀರ್ಮಾನಿಸುವ ಇಂಜಿನಿಯರ್ ಅವಳು. ಎಷ್ಟು ಭಾರ, ಎಷ್ಟು ಬಿಸಿ, ಏನು ಹಾಕಿ ತೊಳೆಯುತ್ತಾರೆ ಎಂದು ಎಲ್ಲರೂ ಕೇಳುವುದನ್ನೇ ಕೇಳುತ್ತಿದ್ದಳು. ಆಮೇಲೆ ತನ್ನದೇ ಒಂದು ಪ್ರಶ್ನೆ ಸೇರಿಸುತ್ತಿದ್ದಳು: ಮುರಿದರೆ ಯಾರ ಮೇಲೆ ಬೀಳುತ್ತೆ?

ಅವಳ ಪರೀಕ್ಷೆಗಳು ಅಡುಗೆಮನೆಯ ಕಿಟಕಿಯವರೆಗೂ ಬಂದಿದ್ದವು. ಬಗ್ಗಿಸಿ ಕಟ್ಟಿದ ಪ್ಲಾಸ್ಟಿಕ್ ತುಂಡುಗಳು ಲೋಟಗಳಲ್ಲಿ, ಆಸ್ಪತ್ರೆಯವರು ಬಳಸುವ ತೊಳೆಯುವ ದ್ರಾವಣದಲ್ಲಿ ಮುಳುಗಿ ಕೂತಿರುತ್ತಿದ್ದವು. ಒಮ್ಮೆ ಅವನು ಶರಬತ್ತೆಂದು ಮೂಸಿ, ಸಂಜೆಯವರೆಗೆ ಸೀನಿದ್ದ.

ರೋಗಿ ಬೀಳದಂತೆ ತಡೆಯುವ, ಮಂಚದ ಪಕ್ಕದ ಕಂಬಿಗೆ ಉಕ್ಕಿನ ಕೊಂಡಿ ಇತ್ತು. ಅದರ ಬದಲು ಲೋಹದ ಲೇಪ ಕೊಟ್ಟ ಪ್ಲಾಸ್ಟಿಕ್ ಕೊಂಡಿ ಹಾಕಬೇಕೆಂದು ಮ್ಯಾನೇಜರ್ ಹಟ ಹಿಡಿದ. ಹಗುರ, ಅಗ್ಗ, ನೋಡಲು ಉಕ್ಕಿಗಿಂತ ಚೆನ್ನ. ಆ ಕೊಂಡಿ ಕಿಟಕಿಯ ಲೋಟದಲ್ಲಿ ವಾರ ಕಳೆಯುವುದರೊಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಅವಳು ಗಾಜಿನ ನಾರು ಬೆರೆಸಿದ ಕಪ್ಪು ಪ್ಲಾಸ್ಟಿಕ್ ಹಾಕೋಣ, ಅದು ತಾಳುತ್ತದೆ ಎಂದಳು. ಕಪ್ಪು ಯಾರಿಗೆ ಬೇಕು ಎಂದು ಮ್ಯಾನೇಜರ್ ಮೂಗು ಮುರಿದ.

"ಪ್ಲಾಸ್ಟಿಕ್ ಮೇಲೆ ನನಗೇನೂ ದ್ವೇಷ ಇಲ್ಲ ಸಾರ್," ಎಂದಿದ್ದಳಂತೆ. "ಆದ್ರೆ ಉಕ್ಕಿನ ವೇಷ ಹಾಕ್ಕೊಂಡು ಬಂದ್ರೆ ರೋಗಿ ಉಕ್ಕು ಅಂತಾನೇ ನಂಬಿ ಒರಗ್ತಾನೆ."

ಅವಳ ಮೇಜನ್ನು ಪ್ಯಾಕಿಂಗ್ ಕೋಣೆಯ ಪಕ್ಕಕ್ಕೆ ಸರಿಸಿದರು. ಅಲ್ಲಿಂದಲೂ ಬೇಡ ಎಂದಳು. ಬಡ್ತಿ ತಪ್ಪಿತು, ಆಗಲೂ ಬೇಡ ಎಂದಳು. ಅವಳ ಒಪ್ಪಿಗೆಯಿಲ್ಲದೆ ಕೊಂಡಿ ಬದಲಾಗುವಂತಿರಲಿಲ್ಲ, ಬದಲಾಗಲೂ ಇಲ್ಲ. ಹಾಸಿಗೆ ಹಿಡಿದ ಮೇಲೂ ಅವಳು ಹುಷಾರಾಗಿ ಬರುತ್ತಾಳೆಂದು ಹೆದರಿಯೇ ಕಾದಿದ್ದರು.

*

ದರ್ಜಿಯ ಬಳಿ ಬ್ಯಾಗುಗಳಿಗೆ ಹಾಕುವ ಎರಡು ಬಗೆಯ ಅಗಲ ಪಟ್ಟಿಗಳಿದ್ದವು. ನೈಲಾನ್ ಗಟ್ಟಿ, ಆದರೆ ಭಾರಕ್ಕೆ ಜಗ್ಗುತ್ತದೆ. ಜಗ್ಗಿದರೆ ಪೆಟ್ಟಿಗೆ ವಾಲುತ್ತದೆ. ಇದನ್ನು ಅವನಿಗೆ ಕಲಿಸಿದವಳು ಅವಳೇ. ಜಗ್ಗದ ಪಾಲಿಯೆಸ್ಟರ್ ಪಟ್ಟಿ ತೆಗೆದುಕೊಂಡು, ಮೂರು ಉದ್ದ ಕತ್ತರಿಸಿ, ತುದಿಗಳನ್ನು ಮಡಚಿ ಕೈ ತೂರುವ ಕುಣಿಕೆ ಹೊಲಿದ. ಪೆಟ್ಟಿಗೆಯ ತಳದಿಂದ ಹಾಯಿಸಿದರೆ ಆರು ಕೈಗೆ ಆರು ಕುಣಿಕೆ.

ಭಾವ ಪಟ್ಟಿಯನ್ನು ಮುಟ್ಟಿ ನೋಡಿದ. "ಇದೂ ಪ್ಲಾಸ್ಟಿಕ್ಕೇ ಅಲ್ವಾ?"

"ಹೌದು. ಆದ್ರೆ ಇದು ಹೌದು ಅಂತ ಒಪ್ಕೊಳ್ಳುತ್ತೆ."

ಪರೀಕ್ಷೆ ಮಾಡದೆ ಒಪ್ಪುವುದು ಈ ಮನೆಯ ಪದ್ಧತಿಯಲ್ಲ. ಒಂದೊಂದೇ ಪಟ್ಟಿಯನ್ನು ಕಿಟಕಿಯ ಕಂಬಿಗೆ ಸಿಕ್ಕಿಸಿ, ಬಳಗದಲ್ಲೆಲ್ಲ ದಪ್ಪಗಿದ್ದ ಭಾವನನ್ನೇ ಜೋತಾಡಲು ಹೇಳಿದ. ಮೊದಲು ಉರಿದುಬಿದ್ದವನು, ತಂಗಿಯ ಮುಖ ನೆನೆದು, ಪಂಚೆ ಎತ್ತಿಕಟ್ಟಿ ಕಾಲು ಮಡಚಿ ನೇತಾಡಿದ. ಹೊಲಿಗೆ ಕದಲಲಿಲ್ಲ. ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು, ನಗುತ್ತಲೇ ಮತ್ತೆ ಅತ್ತರು.

ಅಷ್ಟರಲ್ಲಿ ಮ್ಯಾನೇಜರ್ ಹೂವಿನ ಹಾರ ಹಿಡಿದು, ಕಾರ್ಖಾನೆಯವರನ್ನು ಹಿಂದಿಟ್ಟುಕೊಂಡು ಬಂದ. ದರ್ಜಿಯನ್ನು ಗೋಡೆ ಪಕ್ಕ ಕರೆದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಕೊನೆಯ ವಾರ ಮೇಡಂ ಫೋನಿನಲ್ಲಿ ಕೊಂಡಿಗೆ ಒಪ್ಪಿದ್ದರು. ಅದನ್ನು ಸಮಾಧಿಯ ಬಳಿ ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಹೊಸ ಮಂಚಕ್ಕೆ ಅವರ ಹೆಸರನ್ನೇ ಇಡುತ್ತೇವೆ. ಮನೆಯವರು ಹ್ಞೂಂ ಎಂದರೆ ಸಾಕು.

ದರ್ಜಿ ಎಲ್ಲರಿಗೂ ಕೇಳುವಂತೆ ಹೇಳಿದ: "ಕೊನೇ ವಾರ ಅವಳಿಗೆ ನೀರು ಬೇಕು ಅನ್ನೋಕೂ ಬಾಯಿ ಬರ್ತಿರ್ಲಿಲ್ಲ ಸಾರ್."

ಕಾರ್ಖಾನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರ್ ದನಿ ತಗ್ಗಿಸಿದ. "ಈಗ ಅದೆಲ್ಲ ಯಾಕೆ? ಹೋದವರು ಹೋದ್ರು."

"ಬೇಡ ಅಂತ ಹೇಳೇ ಹೋಗಿದಾಳೆ. ನೀವು ಅಲ್ಲಿ ಬಾಯಿ ತೆಗೆದ್ರೆ ನಾನೂ ತೆಗೀತೀನಿ." ದರ್ಜಿ ಮುಂಭಾಗದ ಕುಣಿಕೆಯನ್ನು ಅವನತ್ತ ಚಾಚಿದ. "ಬನ್ನಿ, ಹಿಡೀರಿ. ಇಷ್ಟು ವರ್ಷ ಅವಳ ಭಾರ ನಿಮಗೆ ಗೊತ್ತೇ ಆಗ್ಲಿಲ್ಲ."

ಅಷ್ಟು ಜನರೆದುರು ಒಲ್ಲೆ ಎನ್ನುವಂತಿರಲಿಲ್ಲ. ಮ್ಯಾನೇಜರ್ ಹಿಡಿದ. ಪಕ್ಕದಲ್ಲಿ ದರ್ಜಿ, ಹಿಂದೆ ಭಾವ ಮತ್ತು ಕಾರ್ಖಾನೆಯ ಮೂವರು. ತಿರುವಿನಲ್ಲಿ ಪೆಟ್ಟಿಗೆ ಮುಂದಕ್ಕೆ ಓಲಿ, ಭಾರವೆಲ್ಲ ಮುಂದಿನ ಇಬ್ಬರ ಕೈಗೆ ಬಿತ್ತು. ಮ್ಯಾನೇಜರ್ ಹಲ್ಲು ಕಚ್ಚಿದ. ಪಟ್ಟಿ ಬಿಗಿಯಿತು, ಜಗ್ಗಲಿಲ್ಲ. ಅವಳು ಮೆಟ್ಟಿಲು ಮೆಟ್ಟಿಲಾಗಿ, ಯಾವ ಬದಿಗೂ ವಾಲದೆ, ಕೆಳಗಿಳಿದಳು.

ಪೆಟ್ಟಿಗೆ ವ್ಯಾನಿನೊಳಗೆ ಸರಿದ ಮೇಲೆ ಮ್ಯಾನೇಜರ್ ಮುಷ್ಟಿ ಬಿಚ್ಚಿದ. ಅಂಗೈಗೆ ಅಡ್ಡಲಾಗಿ ಪಟ್ಟಿಯ ನೇಯ್ಗೆ ಎಳೆ ಎಳೆಯಾಗಿ ಕೆಂಪಗೆ ಅಚ್ಚೊತ್ತಿತ್ತು. ಅವನು ಅದನ್ನು ಪ್ಯಾಂಟಿಗೆ ಉಜ್ಜಿದ, ಹೋಗಲಿಲ್ಲ. ದರ್ಜಿ ನೋಡುತ್ತಿರುವುದನ್ನು ಕಂಡು ಕೈಯನ್ನು ಜೇಬಿಗೆ ಇಳಿಸಿದ.