ಹನಾನ್‌ಗೆ ಇಪ್ಪತ್ತೊಂದು ತುಂಬಿದ ದಿನ

ಹನಾನ್ ಸೂಡಾನಿನ ಎಲ್ ಫಾಶರ್ ಊರಿನವಳು. ಫಾರ್ಮಸಿ ಓದಲು ಮೈಸೂರಿಗೆ ಬಂದವಳು ಪಾಲಹಳ್ಳಿಯ ಪ್ರಮೀಳಾಳ ಮನೆಯಲ್ಲಿದ್ದಳು. ಮೊದಲು ಮಹಡಿಯ ಕೋಣೆ ಬಾಡಿಗೆಗೆ ಹಿಡಿದಿದ್ದಳು. ಒಮ್ಮೆ ಜ್ವರ ಬಂದಾಗ ಪ್ರಮೀಳಾ ಅವಳನ್ನು ಕೆಳಗೆ ಕರೆತಂದು ಮಲಗಿಸಿಕೊಂಡಳು, ಮತ್ತೆ ಮೇಲಕ್ಕೆ ಕಳಿಸಲೇ ಇಲ್ಲ. ಪ್ರಮೀಳಾಳ ಅತ್ತೆ ದೊಡ್ಡತಾಯಮ್ಮನ ಬಾಯಲ್ಲಿ ಅವಳು ‘ಅನಾನಿ’ ಆಗಿದ್ದಳು.

ಅವಳ ಊರಲ್ಲಿ ಯುದ್ಧ. ಅಮ್ಮನ ಫೋನು ಸತ್ತು ಎರಡು ತಿಂಗಳಾಗಿತ್ತು. ಆ ನವೆಂಬರಿನಲ್ಲಿ ಪ್ರಮೀಳಾ ಹುಟ್ಟುಹಬ್ಬ ಮಾಡೋಣ ಎಂದಾಗ ಹನಾನ್ ಒಪ್ಪಲಿಲ್ಲ.

“ಬೇಡ ಅಕ್ಕ. ಮೊದಲು ಅಮ್ಮನ ಸುದ್ದಿ ಬರಲಿ.”

“ಬತ್ತದೆ ಕಣವ್ವ. ನೀನು ಇಂಗೆ ಮೊಕ ಇಳಿಬುಟ್ಕೊಂಡು ಕುಂತ್ರೆ ಬೇಗ ಬಂದ್ಬುಡ್ತದಾ?”

ಸಂಜೆ ಪ್ರಮೀಳಾಳ ಗಂಡ ರವೀಂದ್ರ ಶ್ರೀರಂಗಪಟ್ಟಣದಿಂದ ಕೇಕು ತಂದ. ಪ್ರಮೀಳಾ ಶಾವಿಗೆ ಪಾಯಸ ಮಾಡಿದ್ದಳು. ದೊಡ್ಡತಾಯಮ್ಮ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದಳು. “ಕುಂಕುಮ ಬ್ಯಾಡ, ಅವರ ಪೈಕಿ ಇಕ್ಕಲ್ಲ,” ಎಂದು ತಾನೇ ಹೇಳಿ, ಸೇವಂತಿಗೆ ಹೂವನ್ನಷ್ಟೇ ತಲೆಗೆ ಮುಡಿಸಿದಳು.

ಇನ್ನೂ ಕೇಕು ಕತ್ತರಿಸಿರಲಿಲ್ಲ, ಹನಾನ್‌ಳ ಫೋನು ಸದ್ದು ಮಾಡಿತು. ಅವಳ ಸೋದರಮಾವ ಇದ್ರೀಸ್ ಕಳಿಸಿದ ವಾಯ್ಸ್ ಮೆಸೇಜು. “ಮಾವ! ಅಮ್ಮನ ಜೊತೆ ಇದ್ದವರು!” ಎಂದು ಕೂಗಿ, ಎಲ್ಲರಿಗೂ ಕೇಳಲೆಂದು ಜೋರಾಗಿ ಹಾಕಿದಳು.

ಗಂಡಸಿನ ದಣಿದ ದನಿ ಅರಬ್ಬಿಯಲ್ಲಿ ಮಾತಾಡತೊಡಗಿತು. ಪ್ರಮೀಳಾ ಚಪ್ಪಾಳೆ ತಟ್ಟಿದಳು. ದೊಡ್ಡತಾಯಮ್ಮ ಫೋನಿನ ಹತ್ತಿರ ಬಗ್ಗಿ, “ನಿಮ್ಮುಡ್ಗಿ ಚೆನ್ನಾಗವ್ಳೆ ಕಣಪ್ಪ, ಎದ್ರುಬ್ಯಾಡಿ!” ಎಂದು ಕೂಗಿದಳು.

ಮಾವ ಹೇಳುತ್ತಿದ್ದದ್ದು ಇಷ್ಟು. ಊರು ಬಿಟ್ಟು ಎಲ್ಲರೂ ನಡೆದೇ ಹೊರಟರು. ತಿನ್ನಲು ಏನೂ ಇರಲಿಲ್ಲ. ನಾಲ್ಕನೆಯ ದಿನ ಅಮ್ಮ ಕುಳಿತಲ್ಲಿಂದ ಏಳಲಿಲ್ಲ. ದಾರಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಅದಾಗಿ ಹತ್ತೊಂಬತ್ತು ದಿನ. ಗಡಿ ದಾಟಿದ ಮೇಲೆ ಇವತ್ತಷ್ಟೇ ಫೋನಿಗೆ ಸಿಗ್ನಲ್ ಸಿಕ್ಕಿತು. ಇವತ್ತು ಅವಳು ಹುಟ್ಟಿದ ದಿನವೆಂಬುದು ಅವನಿಗೆ ನೆನಪಿರಲಿಲ್ಲ.

“ಏನಂದ್ರವ್ವ?” ರವೀಂದ್ರ ಕೇಳಿದ.

“ಎಲ್ಲಾರೂ ಚೆನ್ನಾಗಿದಾರಂತೆ.”

ಅವಳು ಕೇಕು ಕತ್ತರಿಸಿದಳು. ಮೂವರಿಗೂ ಒಂದೊಂದು ತುಂಡು ತಿನ್ನಿಸಿದಳು. ಪ್ರಮೀಳಾ ತಿನ್ನಿಸಿದ ತುಂಡನ್ನು ನುಂಗಿದಳು. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನಲ್ಲಿ ಬಿಟ್ಟಳು. ಎಷ್ಟು ಹೊತ್ತಾದರೂ ನೀರಿನ ಸದ್ದು ನಿಲ್ಲದಿದ್ದಾಗ ಪ್ರಮೀಳಾ ಬಾಗಿಲು ಬಡಿದಳು.

ಬಾಗಿಲು ತೆರೆಯಿತು. “ಅಮ್ಮ ಇಲ್ಲ ಅಕ್ಕ.”

“ಇಲ್ಲ ಅಂದ್ರೆ? ಎಲ್ಗೋದ್ರು?”

“ಮಣ್ಣು ಮಾಡಿದ್ರು.”

ಪ್ರಮೀಳಾ ಅವಳನ್ನು ಅಪ್ಪಿಕೊಂಡು ಅಲ್ಲೇ ಒದ್ದೆ ನೆಲದಲ್ಲಿ ಕುಸಿದಳು. ದೊಡ್ಡತಾಯಮ್ಮ ಎದೆ ಬಡಿದುಕೊಂಡಳು. “ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣಾಕ! ಸಾವಿನ ಸುದ್ದಿ ಯೋಳ್ತಿದ್ರೆ ಚೆನ್ನಾಗವ್ಳೆ ಅಂದ್ನಲ್ಲಾ!”

ಊರಿಗೆ ಕಳಿಸೋಣವೇ ಎಂದು ರವೀಂದ್ರ ಮೆಲ್ಲಗೆ ಕೇಳಿದ. ಎಲ್ಲಿಗೆ? ಮನೆಯಿರಲಿಲ್ಲ, ಊರಲ್ಲಿ ತನ್ನವರಿರಲಿಲ್ಲ. ಹೂತ ಜಾಗಕ್ಕೆ ಗುರುತೂ ಇಟ್ಟಿರಲಿಲ್ಲ. ಹನಾನ್ ಮಾವನ ನಂಬರಿಗೆ ಮತ್ತೆ ಮತ್ತೆ ಫೋನು ಮಾಡಿದಳು. ಸ್ವಿಚ್ ಆಫ್.

ಅವಳು ದಿನ ಎಣಿಸಿದಳು. ಹತ್ತೊಂಬತ್ತು ದಿನದ ಹಿಂದೆ ಪ್ರಮೀಳಾಳ ಜೊತೆ ಕನ್ನಂಬಾಡಿ ಕಟ್ಟೆಗೆ ಹೋಗಿದ್ದಳು. ಕರಿದ ಮೀನು ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕಿದ್ದಳು.

ಎರಡು ದಿನ ಅವಳು ಏನೂ ತಿನ್ನದೆ, ನಮಾಜು ಮಾಡಿ ಗೋಡೆಗೆ ಮುಖ ಹಾಕಿ ಕುಳಿತಳು. ಮಾವನ ನಂಬರು ಹತ್ತಲೇ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಪ್ರಮೀಳಾ ಮುದ್ದೆಯ ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಳು.

“ಒಂದು ತುತ್ತು, ನನ್ನವ್ವ.”

ಹನಾನ್ ತಟ್ಟೆಯನ್ನು ಕೆಳಗಿಟ್ಟುಕೊಂಡು ಗಬಗಬನೆ ತಿಂದಳು. ಬಳಿದು ತಿಂದಳು. ಆಮೇಲೆ ಸಾರು ಅಂಟಿದ ಕೈಯನ್ನೇ ನೋಡುತ್ತಾ ಕೇಳಿದಳು:

“ಅಮ್ಮ ಅಲ್ಲಿ ಹಸಿದು ಸತ್ತಳು. ನನಗೆ ಇನ್ನೂ ಯಾಕೆ ಹಸಿವಾಗುತ್ತೆ ಅಕ್ಕ?”

ಪ್ರಮೀಳಾ ತನ್ನ ಸೆರಗಿನಿಂದ ಆ ಕೈ ಒರೆಸಲು ಹೋದಳು. ಹನಾನ್ ಕೈ ಹಿಂದಕ್ಕೆಳೆದುಕೊಂಡು ಮತ್ತೆ ಗೋಡೆಯ ಕಡೆ ತಿರುಗಿದಳು.