ಇಸ್ತ್ರಿ ಅಂಗಡಿಯ ನಿದ್ದೆ

ಮದುವೆ ಫೋಟೋ ತೆಗೆದು ತೆಗೆದು ಸೊಂಟ ಬಿದ್ದುಹೋದ ಮೇಲೆ ಫೋಟೋಗ್ರಾಫರ್ ತನ್ನದೇ ಒಂದು ವೆಬ್‌ಸೈಟ್ ಮಾಡಿಕೊಂಡ. ಖುಷಿಗೆಂದು ಬೀದಿ ಬೀದಿ ಅಲೆದು ತೆಗೆದ ಚಿತ್ರಗಳನ್ನು ಅದರಲ್ಲಿ ಮಾರಾಟಕ್ಕಿಟ್ಟ. ಯಾರಾದರೂ ಆರ್ಡರ್ ಕೊಟ್ಟರೆ ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದು, ರಟ್ಟಿನ ಕೊಳವೆಯಲ್ಲಿ ಸುತ್ತಿಟ್ಟು ಕಳಿಸುವುದು. ಕೂತಲ್ಲೇ ಆಗುವ ಕೆಲಸ, ನಿಂತು ಸಾಯುವುದು ತಪ್ಪಿತು ಅಂದುಕೊಂಡಿದ್ದ. ಕೂತೂ ಸಾಯಬಹುದು ಅಂತ ಆಮೇಲೆ ತಿಳಿಯಿತು.

ಕಂಪ್ಯೂಟರಿನಲ್ಲಿ ಬೆಳ್ಳಗಿದ್ದ ಗೋಡೆ ಕಾಗದದ ಮೇಲೆ ಹಳದಿಯಾಗುತ್ತಿತ್ತು. ಅದನ್ನು ತಿದ್ದಿದರೆ ಮುಖ ನೀಲಿಗಟ್ಟುತ್ತಿತ್ತು. ಎಲ್ಲ ಸರಿಹೋಯಿತು ಅನ್ನುವಾಗ ಕೊಳವೆ ದಾರಿಯಲ್ಲಿ ಜಜ್ಜಿಹೋಗಿ ಚಿತ್ರ ವಾಪಸ್ ಬರುತ್ತಿತ್ತು. ಇಷ್ಟಕ್ಕೂ ಕೊಳ್ಳುವವರಾದರೂ ಎಲ್ಲಿದ್ದರು? ಬಂದವರು ನೋಡಿ, 'ಅದ್ಭುತ' ಅಂತ ಬರೆದು ಹೊರಟುಹೋಗುತ್ತಿದ್ದರು.

"ಅದ್ಭುತಾನ ಒಲೆ ಮೇಲಿಟ್ಟು ಬೇಯಿಸೋಕಾಗುತ್ತೇನ್ರೀ?" ಅನ್ನುತ್ತಿದ್ದಳು ಹೆಂಡತಿ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು." ಹಾಗೆ ಬೈಯುತ್ತಲೇ ಕೊಳವೆಗೆ ಟೇಪ್ ಸುತ್ತುತ್ತಿದ್ದವಳೂ ಅವಳೇ.

ಆಗೀಗ ಮಾರಾಟವಾಗುತ್ತಿದ್ದುದು ಒಂದೇ ಚಿತ್ರ. ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳು ಮಡಿಸಿಟ್ಟ ಅಂಗಿಗಳ ರಾಶಿಯ ಪಕ್ಕ, ಮೇಜಿಗೆ ಕೆನ್ನೆಯಾನಿಸಿ ನಿದ್ದೆಹೋಗಿದ್ದಾಳೆ. ಬಾಯಿ ಅರೆತೆರೆದಿದೆ, ನರೆತ ಕೂದಲಿನ ಮೇಲೆ ಬಿಸಿಲು. ದಾರಿಯಲ್ಲಿ ಹೋಗುವಾಗ ಕಿಟಕಿಯಾಚೆಯಿಂದ ತೆಗೆದದ್ದು. ಅದಕ್ಕೆ 'ದಣಿವು' ಎಂದು ಹೆಸರಿಟ್ಟು, ಪ್ರಿಂಟಿನಡಿಯಲ್ಲೂ ಬರೆದಿದ್ದ.

ಒಂದು ದಿನ ಅದೇ ಚಿತ್ರದ ಮೂರು ಪ್ರಿಂಟಿಗೆ ಒಟ್ಟಿಗೆ ಆರ್ಡರ್ ಬಂತು. ಜೊತೆಗೊಂದು ಸಾಲು: 'ಇನ್ನೂ ಇದ್ದರೆ ಅವನ್ನೂ ಕೊಡಿ. ಬೇರೆ ಯಾರಿಗೂ ಮಾರಬೇಡಿ.' ವಿಳಾಸ ಅದೇ ಊರಿನದು. ಇಂಥ ಗಿರಾಕಿಗೆ ಜಜ್ಜಿದ ಕೊಳವೆ ಹೋಗಬಾರದೆಂದು, ಸೊಂಟಕ್ಕೆ ಪಟ್ಟಿ ಬಿಗಿದು ತಾನೇ ಹೊರಟ. ಮನೆ ಮೇಲಿನ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು.

ಬಾಗಿಲು ತೆರೆದವಳು ಚಿತ್ರದ ಹೆಂಗಸೇ. ಕಣ್ಣು ಬಿಟ್ಟಿದ್ದರಿಂದ ಗುರುತು ಹತ್ತುವುದು ಕೊಂಚ ತಡವಾಯಿತು.

"ಒಳಗೆ ಬನ್ನಿ ಅಣ್ಣ, ಏದುಸಿರು ಬಿಡ್ತಿದ್ದೀರಲ್ಲ," ಅಂದಳು.

ಅವನು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಹಿಂದಿನಿಂದ ಅವಳ ಮಗಳು ಬಂದಳು. ಆರ್ಡರ್ ಕೊಟ್ಟವಳು ಅವಳು. ಕೊಳವೆ ನೋಡಿದ್ದೇ ಮುಖ ಬಿಗಿಯಿತು. "ತೆಗೆದಿದ್ದು ನೀವೇನಾ? ಒಂದು ಮಾತು ಕೇಳಬಾರದಿತ್ತಾ?"

"ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ ತಾಯಿ," ಅಂದ. ಆಡಿದ ಮಾತು ಅವನಿಗೇ ಸಪ್ಪೆ ಅನ್ನಿಸಿತು.

ಅಷ್ಟರಲ್ಲಿ ತಾಯಿ ಒಂದು ಪ್ರಿಂಟನ್ನು ನೆಲದ ಮೇಲೆ ಹರಡಿ, ಸುರುಳಿಗಟ್ಟುತ್ತಿದ್ದ ಮೂಲೆಗಳನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಬಹಳ ಹೊತ್ತು ನೋಡಿದಳು.

"ಅಂಗಿ ಮಡಿಕೆ ಚೆನ್ನಾಗಿ ಬಿದ್ದಿದೆ," ಅಂದಳು ಮೊದಲು. ಆಮೇಲೆ, "ದಣಿವು ಅಂತ ಯಾಕಣ್ಣ ಬರೆದ್ರಿ? ದಣಿವಾದ್ರೆ ನನಗೆ ನಿದ್ದೇನೇ ಹತ್ತಲ್ಲ. ಅವತ್ತು ಹೊಟ್ಟೆ ತುಂಬ ಉಂಡಿದ್ದೆ, ಅಷ್ಟೆ."

ಮಗಳು ನಗಲಿಲ್ಲ. "ನಮ್ಮ ಆಫೀಸಿನ ಗೋಡೇಲಿ ಇದನ್ನ ನೇತುಹಾಕಿದ್ದಾರಮ್ಮ. ಕಾಫಿ ಹಿಡ್ಕೊಂಡು ಮುಂದೆ ನಿಂತು 'ಪಾಪ' ಅಂತಾರೆ. ಇದು ನಮ್ಮಮ್ಮ ಅಂತ ಹೇಳೋಕೆ ನನಗೆ ಬಾಯೇ ಬರ್ಲಿಲ್ಲ. ದಿನಾ ತಲೆ ತಗ್ಗಿಸ್ಕೊಂಡು ಅದರ ಮುಂದೇನೇ ಓಡಾಡ್ತಿದ್ದೀನಿ." ಅಷ್ಟು ಹೇಳಿ ಅತ್ತುಬಿಟ್ಟಳು.

ಮಗಳ ಸಿಟ್ಟು ತನ್ನ ಮೇಲಿರುವುದಕ್ಕಿಂತ ಹೆಚ್ಚಾಗಿ ಅವಳ ಮೇಲೆಯೇ ಎಂದು ಫೋಟೋಗ್ರಾಫರನಿಗೆ ಹೊಳೆಯಿತು. ಎದ್ದು ಹೋಗೋಣವೆಂದರೆ ಸೊಂಟ ಏಳಗೊಡಲಿಲ್ಲ.

"ಹುಚ್ಚಿ," ತಾಯಿ ಮಗಳ ಬೆನ್ನು ಸವರಿದಳು. "ನಾನೇನು ಅಲ್ಲಿ ಕದೀತಿದ್ನಾ? ನಿದ್ದೆ ಮಾಡ್ತಿದ್ದೆ." ಅವನತ್ತ ತಿರುಗಿ, "ಮಾರ್ಕೊಳ್ಳಿ ಅಣ್ಣ, ನಾನು ಬೇಡ ಅನ್ನಲ್ಲ" ಅಂದಳು.

ಮಗಳು ತಲೆಯೆತ್ತಲಿಲ್ಲ. ಅವನು ಮೂರೂ ಪ್ರಿಂಟುಗಳನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದ.

ಮನೆಗೆ ಬಂದವನೇ ಆರ್ಡರ್ ರದ್ದು ಮಾಡಿ ಹಣ ವಾಪಸ್ ಕಳಿಸಿ, ಚಿತ್ರವನ್ನು ವೆಬ್‌ಸೈಟಿನಿಂದ ಕಿತ್ತುಹಾಕಿದ.

"ಇದ್ದ ಒಂದೆತ್ತನ್ನೂ ಬಿಚ್ಚಿ ಕಳಿಸಿಬಿಟ್ರಾ?" ಅಂದಳು ಹೆಂಡತಿ. ನಡೆದದ್ದನ್ನೆಲ್ಲ ಹೇಳಿದ. ಅವಳು ಎದ್ದು ಹೋಗಿ ಅವನ ಸೊಂಟಕ್ಕೆ ಬಿಸಿನೀರಿನ ಚೀಲ ತುಂಬಿ ತಂದಳು.

ಕೆಲವು ದಿನಗಳ ಮೇಲೆ ಮಗಳ ಸಂದೇಶ ಬಂತು. ಅದು ನಮ್ಮಮ್ಮ ಅಂತ ಆಫೀಸಿನಲ್ಲಿ ಹೇಳಿದೆ, ಎಲ್ಲರೂ ಸುಮ್ಮನಾದರು, ಮಾರನೆಯ ದಿನ ಗೋಡೆ ಖಾಲಿಯಿತ್ತು, ಚಿತ್ರ ನನ್ನ ಮೇಜಿನ ಮೇಲಿತ್ತು. ಖುಷಿಪಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಅದನ್ನೂ ಮನೆಗೆ ತಂದೆ, ಈಗ ಇಲ್ಲಿ ನಾಲ್ಕು ಅಮ್ಮಂದಿರು ಮಲಗಿದ್ದಾರೆ, ಐದನೆಯವಳು ಕೆಲಸಕ್ಕೆ ಹೋಗಿದ್ದಾಳೆ. ಬೇಕಿದ್ದರೆ ನೀವು ಮತ್ತೆ ಮಾರಾಟಕ್ಕಿಡಿ.

ಫೋಟೋಗ್ರಾಫರ್ ಉದ್ದಕ್ಕೆ ಉತ್ತರ ಬರೆದ, ಅಳಿಸಿದ. ಆ ಚಿತ್ರ ತೆರೆದರೆ ಈಗ ಬಿಸಿಲು ಕಾಣುತ್ತಿರಲಿಲ್ಲ, ಒಬ್ಬಳ ಅಮ್ಮ ಕಾಣುತ್ತಿದ್ದಳು. 'ಒಳ್ಳೆಯದಾಯಿತು ತಾಯಿ' ಎಂದಷ್ಟೇ ಬರೆದು, ಚಿತ್ರವನ್ನು ಮತ್ತೆ ಮಾರಾಟಕ್ಕಿಡದೆ, ಸೊಂಟದಡಿ ಬಿಸಿನೀರಿನ ಚೀಲವಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ.